ಸ್ಯಾಟಿನ್ ದಿಂಬಿನ ಕವರ್: ಎರಡು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದರಿಂದ ಕೂದಲು ಬೇಗ ಬೆಳೆಯುವುದಿಲ್ಲ. ಪ್ಯಾಕೆಟ್ ಮೇಲೆ ಏನಾದರೂ ಬರೆದುಕೊಳ್ಳಲಿ. ಕೂದಲು ಬೆಳೆಯುವುದು ಬುಡದಲ್ಲಿ, ಅದೂ ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್. ದಿಂಬಿನ ಬಟ್ಟೆಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಎರಡು ವರ್ಷದಿಂದ ಬಳಸುತ್ತಿದ್ದೇನೆ, ಬಿಡುವ ಯೋಚನೆಯೂ ಇಲ್ಲ.

ಯಾಕೆಂದರೆ ಉದ್ದ ಕೂದಲಿನವರ ತಲೆನೋವೆಲ್ಲ ತುದಿಯದ್ದು. 60 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ ನಾಲ್ಕೈದು ವರ್ಷ ವಯಸ್ಸಾಗಿರುತ್ತದೆ. ಅಷ್ಟು ದಿನ ಬಾಚಣಿಗೆ, ಬಿಸಿಲು, ಟವೆಲ್ ಎಲ್ಲ ತಡೆದುಕೊಂಡು ಬಂದ ಕೂದಲು ಅದು. ಮೇಲ್ಪದರ ಹೆಂಚು ಹೊದಿಸಿದ ಹಾಗೆ ಇರುತ್ತದೆ, ತುದಿಗೆ ಬರುವಷ್ಟರಲ್ಲಿ ಆ ಹೆಂಚುಗಳು ಎದ್ದು, ಸವೆದು ಹೋಗಿರುತ್ತವೆ. ಅದರ ಮೇಲೆ ರಾತ್ರಿ ಮಗ್ಗುಲು ಬದಲಿಸಿದಾಗಲೆಲ್ಲ ಹತ್ತಿ ಬಟ್ಟೆಯ ಉಜ್ಜಾಟ ಬೇರೆ. ಸ್ಯಾಟಿನ್ ನೇಯ್ಗೆಯಲ್ಲಿ ಮೇಲಿನ ನೂಲು ಉದ್ದುದ್ದಕ್ಕೆ ಹಾದು ಹೋಗುತ್ತದೆ, ಅದಕ್ಕೇ ಕೂದಲು ಸಿಕ್ಕಿಕೊಳ್ಳದೆ ಜಾರುತ್ತದೆ.

ದಿಂಬಿನ ಮೇಲೆ ಬಿದ್ದ ಕೂದಲನ್ನು ಎತ್ತಿ ನೋಡುವ ಚಟ ನನಗೆ. ಒಂದು ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕ ಬಿಳಿ ಗಂಟು ಕಂಡರೆ ಅದು ಬುಡದಿಂದ ಉದುರಿದ್ದು. ದಿನಕ್ಕೆ 50ರಿಂದ 100 ಹೀಗೆ ಉದುರುವುದು ಸಹಜ. ಗಂಟಿಲ್ಲದ ಗಿಡ್ಡ ಚೂರಾದರೆ ಮಧ್ಯದಲ್ಲಿ ತುಂಡಾದದ್ದು. ಮೊದಲು ಬೆಳಗ್ಗೆ ಎದ್ದರೆ ಇಂಥ ಚೂರುಗಳೇ ಜಾಸ್ತಿ ಇರುತ್ತಿದ್ದವು. ಈಗ ಹುಡುಕಬೇಕು. ಕುತ್ತಿಗೆಯ ಹಿಂದೆ ಕೂದಲು ಸಿಕ್ಕುಗಟ್ಟುವುದಂತೂ ಬಹುಪಾಲು ನಿಂತಿದೆ. ಬುಡದಿಂದ ಉದುರುವುದು ಮಾತ್ರ ಮೊದಲಿನಷ್ಟೇ ಇದೆ. ಅದು ದಿಢೀರನೆ ಜಾಸ್ತಿಯಾದರೆ ಚರ್ಮದ ಡಾಕ್ಟರ ಹತ್ತಿರ ಹೋಗಬೇಕು, ಕವರ್ ಕೊಂಡು ಏನು ಮಾಡುವುದು?

ಇನ್ನು ದೂರುಗಳು. ನಾನು ಮೊದಲು ತಂದದ್ದು ಪಾಲಿಯೆಸ್ಟರ್ ಸ್ಯಾಟಿನ್. ಸೆಕೆಗೆ ಕೆನ್ನೆಯಡಿ ಒದ್ದೆ ಒದ್ದೆ. ದಿಂಬು ಜಾರಿ ನೆಲಕ್ಕೆ ಬಿದ್ದಿರುವುದೂ ಉಂಟು. ವರ್ಷ ದಾಟುವ ಹೊತ್ತಿಗೆ ಬಟ್ಟೆ ಮೇಲೆ ಸಣ್ಣ ಸಣ್ಣ ಉಂಡೆ ಎದ್ದವು, ನುಣುಪು ಹೋದ ಮೇಲೆ ಅದನ್ನು ಇಟ್ಟುಕೊಂಡು ಪ್ರಯೋಜನವಿಲ್ಲ ಅಲ್ವಾ? ಎಲ್ಲಕ್ಕಿಂತ ಕಿರಿಕಿರಿ ಜಿಪ್‌ನದು. ಕೂದಲು ಉಳಿಸೋಕೆ ತಂದ ಕವರಿನ ಜಿಪ್ಪಿಗೇ ಕೂದಲು ಸಿಕ್ಕಿ ಪಟ್ ಅಂತ ಕಿತ್ತುಬರುತ್ತಿತ್ತು!

ಈಗಿರುವುದೂ ಸ್ಯಾಟಿನ್ ನೇಯ್ಗೆಯೇ, ಆದರೆ ರೇಷ್ಮೆ ನೂಲಿನದು. ದುಬಾರಿ, ಆದರೆ ಸೆಕೆ ಕಡಿಮೆ. ತಣ್ಣೀರು, ಸೌಮ್ಯವಾದ ಸೋಪು, ನೆರಳಲ್ಲಿ ಒಣಗಿಸುವುದು, ಇಷ್ಟು ಉಪಚಾರ ಬೇಕು. ಬ್ಲೀಚ್ ತಾಗಿಸುವ ಹಾಗೇ ಇಲ್ಲ. ಕೂದಲಿನ ಮಟ್ಟಿಗೆ ಇವೆರಡರಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಗಿಡ್ಡ ಕೂದಲಿನವರು ಸುಮ್ನೆ ದುಡ್ಡು ಹಾಕಬೇಡಿ. ಒದ್ದೆ ತಲೆಯಲ್ಲಿ ಎಳೆದು ಬಾಚುವವರು, ದಿನಾ ಒಂದೇ ಜಾಗಕ್ಕೆ ಬಿಗಿಯಾಗಿ ರಬ್ಬರ್ ಬ್ಯಾಂಡ್ ಹಾಕುವವರು ಮೊದಲು ಅದನ್ನು ಬಿಡಿ. ಒದ್ದೆ ಕೂದಲು ರಬ್ಬರಿನ ಹಾಗೆ ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಅಲ್ಲಿ ಹೋಗುವ ಕೂದಲನ್ನು ಯಾವ ಕವರೂ ವಾಪಸ್ ತರುವುದಿಲ್ಲ.

ಗುಂಗುರು ಕೂದಲು, ಉದ್ದ ಕೂದಲು ಇದ್ದವರು ಧೈರ್ಯವಾಗಿ ಕೊಳ್ಳಿ. ಜಿಪ್ ಇರುವುದು ಬೇಡ, ಬಾಯಿಯ ಬಟ್ಟೆಯನ್ನು ಒಳಕ್ಕೆ ಮಡಚುವಂಥದ್ದೇ ನೋಡಿ ತನ್ನಿ. 5ಕ್ಕೆ 4 ಅಂಕ.