ತಾಲೂಕು ಆಸ್ಪತ್ರೆಯ 9ನೇ ತಾರೀಖು: ಮೂರೂವರೆ ಸ್ಟಾರ್

ಊರಿನ ಹೆಸರು ಬರೆಯುವುದಿಲ್ಲ. ಶೌಚಾಲಯದ ಬಗ್ಗೆ ಎರಡು ಮಾತು ಹೇಳುವುದಿದೆ, ಸುಮ್ನೆ ನಮ್ಮ ಆಶಾ ಅಕ್ಕನಿಗೆ ತೊಂದರೆ ಯಾಕೆ? ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರನ್ನು ಪುಕ್ಕಟೆ ನೋಡುತ್ತಾರಲ್ಲ, 2016ರಲ್ಲಿ ಶುರುವಾದ ಮಾತೃತ್ವ ಅಭಿಯಾನ, ಅಲ್ಲಿಗೆ ಹೋಗಿ ಬಂದ ಕಥೆ ಇದು.

ನನಗೆ ಆಗ 28 ವಾರ. ಮನೆಯಲ್ಲಿ ಎಲ್ಲರಿಗೂ ನೆಗಡಿ ಬಂದು ಹೋಗಿ ಕೊನೆಗೆ ನನ್ನ ಸರದಿ. ಗಂಟಲು ಕೆರೆತ, ಎರಡು ದಿನ 100ರ ಆಸುಪಾಸು ಜ್ವರ. ಅತ್ತೆ ಜೀರಿಗೆ, ಧನಿಯ, ಕಾಳುಮೆಣಸು ಹಾಕಿ ಕಷಾಯ ಮಾಡಿಕೊಟ್ಟರು. ಯಜಮಾನರು ಮೆಡಿಕಲ್ ಶಾಪಿನಿಂದ ಮಾತ್ರೆ ತಂದರು. ಒಂದು ಪ್ರೈವೇಟ್ ನರ್ಸಿಂಗ್ ಹೋಮ್‌ಗೂ ಹೋಗಿದ್ದೆವು. ಫೀಸು 400 ರೂಪಾಯಿ, ನೋಡಿದ್ದು ಎರಡು ನಿಮಿಷ. "ಬರೀ ವೈರಲ್, ಏನೂ ಆಗಲ್ಲ ಹೋಗಿ." ಯಾವ ಮಾತ್ರೆ ನುಂಗಿದೆ ಅಂತಲೂ ಕೇಳಲಿಲ್ಲ. ರಾತ್ರಿ ಮೊಬೈಲ್ ನೋಡಿದರೆ ಬಸುರಿಗೆ ಜ್ವರ ಬಂದರೆ ದಿನ ತುಂಬುವ ಮೊದಲೇ ಹೆರಿಗೆ ಅಂತ ಹೆದರಿಸುವ ವಿಡಿಯೋಗಳು. ನಿದ್ದೆ ಎಲ್ಲಿಂದ ಬರಬೇಕು?

ಎರಡು ದಿನ ಬಿಟ್ಟು 9ನೇ ತಾರೀಖು. ಎಂಟೂವರೆಗೆ ಹೋದರೆ ಆಗಲೇ ಉದ್ದ ಸಾಲು. ಬೆಂಚು ಮೂರೇ. ಡಾಕ್ಟರ್ ಬಂದದ್ದು ಹನ್ನೊಂದಕ್ಕೆ. ಅಷ್ಟರಲ್ಲಿ ತೂಕ, ಬಿಪಿ, ರಕ್ತ ಎಲ್ಲ ಆಯಿತು. ಮೂತ್ರ ಪರೀಕ್ಷೆಗೆ ಡಬ್ಬಿ ಕೊಟ್ಟರು. ಶೌಚಾಲಯಕ್ಕೆ ಹೋದರೆ ಬಾಗಿಲಿಗೆ ಚಿಲಕ ಇಲ್ಲ, ನಲ್ಲಿಯಲ್ಲಿ ನೀರಿಲ್ಲ. ಗುರುತಿಲ್ಲದ ಒಬ್ಬರು ಹೊರಗಿನಿಂದ ಬಾಗಿಲು ಎಳೆದು ಹಿಡಿದರು. ಆಮೇಲೆ ಅವರಿಗೆ ನಾನು ಹಿಡಿದೆ. ಒಂಬತ್ತು ತಿಂಗಳಂತೆ ಅವರಿಗೆ. ಬಸುರಿಯರಿಗೇ ಅಂತ ಒಂದು ದಿನ ಇಟ್ಟು ಚಿಲಕ ಹಾಕಿಸದಿದ್ದರೆ ಹೇಗೆ?

ಆದರೆ ಡಾಕ್ಟರಮ್ಮ ಮಾತ್ರ ಬಂಗಾರ. "ಜ್ವರ ಬಂದಾಗ ಏನಮ್ಮ ತಗೊಂಡೆ? ಚೀಟಿ ಬೇಡ, ಮಾತ್ರೆ ತೋರಿಸು" ಅಂದರು. ಪರ್ಸಿನಲ್ಲೇ ಇತ್ತು, ತೋರಿಸಿದೆ. ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೇನ್ ಸೇರಿದ್ದ ಮಾತ್ರೆ. 20 ವಾರ ದಾಟಿದ ಮೇಲೆ ಅದು ಬೇಡ, ಮಗುವಿನ ಕಿಡ್ನಿಗೆ ತೊಂದರೆಯಾಗಿ ಸುತ್ತಲಿನ ನೀರು ಕಡಿಮೆ ಆಗಬಹುದು, ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್ ಸಾಕು ಅಂದರು. ನೀರು ನೋಡಲು ಸ್ಕ್ಯಾನ್ ಬರೆದರು. ಸರಿಯಾಗಿಯೇ ಇತ್ತು. ಮಳೆಗಾಲ ಅಂತ ಡೆಂಗಿ ಟೆಸ್ಟೂ ಮಾಡಿಸಿದರು, ಇರಲಿಲ್ಲ.

ಆಮೇಲೆ ಮೂತ್ರದ ರಿಪೋರ್ಟ್ ಹಿಡಿದು ನಿಂತರು. ಕೀವಿನ ಕಣ ಜಾಸ್ತಿ ಇತ್ತು. "ಉರಿ ಇದೆಯಾ?" "ಇಲ್ಲ ಮೇಡಂ." "ಬಸುರಲ್ಲಿ ಉರಿ ಇಲ್ಲದೆಯೂ ಸೋಂಕು ಇರುತ್ತೆ. ಬಿಟ್ಟರೆ ಕಿಡ್ನಿಗೆ ಏರುತ್ತೆ. ನಿನ್ನ ನೆಗಡಿಗಿಂತ ನನಗೆ ಇದರದೇ ಯೋಚನೆ."

ನಾನು ಧೈರ್ಯ ಮಾಡಿ ವಿಡಿಯೋ ವಿಷಯ ಕೇಳಿಯೇಬಿಟ್ಟೆ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವರು ಬೈಯಲಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ನೋಡಿದ್ದನ್ನು ಹೇಳಿದರು. 2010ರ ಕೆಲಸವಂತೆ. ಬಸುರಿ ಇಲಿಗೆ ಬರೀ ವೈರಸ್ ಸೋಂಕು ತಗುಲಿದಾಗ ಬೇಗ ಹೆರಿಗೆ ಆಗಲಿಲ್ಲ. ವೈರಸ್ ಮಾಸಿಗೆ ತಲುಪಿದ ಮೇಲೆ ಬ್ಯಾಕ್ಟೀರಿಯಾದ ಅಂಶ ಒಂಚೂರು ಕೊಟ್ಟಾಗ ಆಯಿತು. "ಮೊದಲೇ ಸಿಟ್ಟಲ್ಲಿ ಇರೋರಿಗೆ ಒಂದು ಸಣ್ಣ ಮಾತು ಸಾಕಲ್ವಾ, ಹಾಗೆ" ಅಂದರು. ನನಗೆ ತಕ್ಷಣ ನೆನಪಾದದ್ದು ಕರೆಂಟ್ ಹೋದಾಗಿನ ನಮ್ಮ ಮಾವ. "ಇಲಿಯಲ್ಲಿ ಆದದ್ದೆಲ್ಲ ನಿನಗೂ ಆಗುತ್ತೆ ಅಂತಲ್ಲ. ನೆಗಡಿ ಬಂದ ಬಸುರಿಯರಲ್ಲಿ ಜಾಸ್ತಿ ಜನ ದಿನ ತುಂಬಿಯೇ ಹೆರುತ್ತಾರೆ. ಆದರೂ ಎರಡನೇ ಸೋಂಕನ್ನು, ಅಂದರೆ ಮೂತ್ರದ ಈ ಬ್ಯಾಕ್ಟೀರಿಯಾ ಸೋಂಕನ್ನು, ನಾವು ಬಿಡಬಾರದು."

ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಅಲ್ಲಿ ಆಗುವುದಿಲ್ಲ, ಹೊರಗೆ ಲ್ಯಾಬ್‌ನಲ್ಲಿ ಮಾಡಿಸಿದೆ, 600 ರೂಪಾಯಿ. ಸರ್ಕಾರಿ ಆಸ್ಪತ್ರೆಯ ಇಡೀ ಓಡಾಟದಲ್ಲಿ ಆಟೋ ಬಿಟ್ಟರೆ ಖರ್ಚಾದದ್ದು ಅದೊಂದೇ. ಸೋಂಕು ಇದ್ದದ್ದು ನಿಜ. ಆಂಟಿಬಯೋಟಿಕ್ ಅಲ್ಲೇ ಕೊಟ್ಟರು, ಮುಗಿದ ಮೇಲೆ ಇನ್ನೊಮ್ಮೆ ಮೂತ್ರ ನೋಡಿದರು. ತಾಯಿ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಅಂಟಿಸಿದರು. ತೊಂದರೆ ಇಲ್ಲದವರಿಗೆ ಹಸಿರು, ನಿಗಾ ಬೇಕಾದವರಿಗೆ ಕೆಂಪು. ಅತ್ತೆ ಅದನ್ನು ನೋಡಿ ಅಳುವುದೊಂದು ಬಾಕಿ. ಹೊಟ್ಟೆ ಬಿಟ್ಟು ಬಿಟ್ಟು ಗಟ್ಟಿಯಾದರೆ, ನೀರು ಇಲ್ಲಾ ರಕ್ತ ಹೋದರೆ, ಮಗುವಿನ ಅಲುಗಾಟ ಕಡಿಮೆ ಅನಿಸಿದರೆ 9ನೇ ತಾರೀಖಿಗೆ ಕಾಯದೆ ರಾತ್ರಿಯಾದರೂ ಬರಬೇಕು ಅಂತ ಯಜಮಾನರನ್ನೂ ಒಳಗೆ ಕರೆದು ಹೇಳಿದರು.

ಈಗ 34 ವಾರ. ದಿನ ತುಂಬಲು 37 ದಾಟಿಸಬೇಕು ಅನ್ನುವುದೇ ಮನೆಯಲ್ಲಿ ಮಾತು.

ಡಾಕ್ಟರಿಗೆ ಐದು ಸ್ಟಾರ್. ಕಾಯಿಸಿದ್ದಕ್ಕೆ ಅರ್ಧ ಕಟ್, ಶೌಚಾಲಯಕ್ಕೆ ಪೂರ್ತಿ ಒಂದು ಕಟ್. ಹೋಗುವವರು ತಿಂಡಿ ತಿಂದು, ನೀರಿನ ಬಾಟಲಿ ಎರಡು ಹಿಡಿದು ಹೋಗಿ. ಬಾಗಿಲು ಹಿಡಿಯಲು ಜೊತೆಗೊಬ್ಬರು ಇದ್ದರೆ ಒಳ್ಳೆಯದು.