ನರನಾಳದ ಪಾಠ: ಚಾರ್ಟೋ, ಜೇಡಿಮಣ್ಣೋ?

ಜನ್ಮದೋಷಗಳ ಪಾಠಕ್ಕೆ ಚಾರ್ಟ್ ನೇತುಹಾಕಿದರೆ ಅರ್ಧ ಗಂಟೆಯಲ್ಲಿ ಹತ್ತಾರು ಹೆಸರು ಮುಗಿಯುತ್ತೆ. ಪರೀಕ್ಷೆ ಹತ್ತಿರವಿದ್ದರೆ ಅದೇ ಸರಿ. ಹೆದರಿಸುವ ಫೋಟೋಗಳಿರುವ ಚಾರ್ಟ್ ಮಾತ್ರ ಬೇಡ; ಮನೆಯಲ್ಲಿ ಅಂಥ ತಮ್ಮನೋ ತಂಗಿಯೋ ಇರುವ ಮಗು ಎದುರಿಗೇ ಕೂತಿರಬಹುದು.

ಜೇಡಿಮಣ್ಣು ಕೊಟ್ಟರೆ ಒಂದೇ ದೋಷಕ್ಕೆ ಇಡೀ ಪೀರಿಯಡ್ ಬೇಕು. ಆದರೆ ಮಣ್ಣಿನ ಪಟ್ಟಿಯ ಎರಡೂ ಅಂಚು ಮಡಚಿ ನರನಾಳ (ಭ್ರೂಣದಲ್ಲಿ ಮುಂದೆ ಮಿದುಳು, ಬೆನ್ನುಹುರಿ ಆಗುವ ಕೊಳವೆ) ಮಾಡುವಾಗ, ಕೆಳಗಡೆ ತೆರೆದೇ ಉಳಿದರೆ ಸ್ಪೈನಾ ಬೈಫಿಡಾ (ಬೆನ್ನಿನ ಭಾಗ ಪೂರ್ತಿ ಮುಚ್ಚದ ಜನ್ಮದೋಷ) ಅನ್ನೋದು ಬೆರಳಿಗೇ ಗೊತ್ತಾಗುತ್ತೆ. ಈ ನಾಳ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಬೇಕು. ಎಷ್ಟೋ ಹೆಂಗಸರಿಗೆ ಬಸುರಿ ಅಂತ ಆಗಿನ್ನೂ ತಿಳಿದಿರೋದೇ ಇಲ್ಲ. ಅದಕ್ಕೇ ಈ ದೋಷ ತಡೆಯಲು ನೆರವಾಗುವ ಫೋಲಿಕ್ ಆಮ್ಲ, ದಿನಕ್ಕೆ 400 ಮೈಕ್ರೋಗ್ರಾಂ, ಬಸುರಿಯಾಗುವ ಮೊದಲೇ ಶುರುವಾಗಬೇಕು. ಸರ್ಕಾರಿ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲೂ ಕಬ್ಬಿಣದ ಜೊತೆ ಅದಿದೆ ಅಂದರೆ ಹಿಂದಿನ ಬೆಂಚೂ ತಲೆಯೆತ್ತುತ್ತೆ.

ನನ್ನ ಓಟು ಮಣ್ಣಿಗೆ. ಕೈ ತೊಳೆಯಲು ಒಂದು ಬಕೆಟ್ ನೀರು ಇಟ್ಟುಕೊಳ್ಳಿ.