ಮೊದಲೇ ಹೇಳಿ ಮಲಗುವುದೋ, ಕೊನೇ ಗಳಿಗೆಗೆ ಹೊಂಚು ಹಾಕುವುದೋ? ಆನ್‌ಲೈನ್ ಹರಾಜಿನಲ್ಲಿ ನಾನು ಪ್ರಯತ್ನಿಸಿದ ದಾರಿಗಳು

ಎರಡೇ ವಾರದ ಅಂತರದಲ್ಲಿ ಒಂದೇ ಮಾದರಿಯ, ಒಂದೇ ಬಣ್ಣದ, ಹೆಚ್ಚುಕಡಿಮೆ ಒಂದೇ ಸ್ಥಿತಿಯ ಎರಡು ಹಳೇ ಶಾಯಿ ಪೆನ್ನು ಕೊಂಡೆ. ಮೊದಲನೆಯದಕ್ಕೆ 97 ತೆತ್ತೆ. ಎರಡನೆಯದು 61ಕ್ಕೇ ಬಂತು. ಮಾರಿದವರು ಬೇರೆ ಬೇರೆ, ತಾಣ ಮಾತ್ರ ಒಂದೇ. ನನ್ನ ಕಡೆಯಿಂದ ಬದಲಾಗಿದ್ದದ್ದು ಬಿಡ್ ಹಾಕಿದ ಹೊತ್ತು: ಮೊದಲನೆಯದಕ್ಕೆ ಹರಾಜು ಶುರುವಾದ ಎರಡನೇ ದಿನವೇ ಹಾಕಿದ್ದೆ, ಎರಡನೆಯದಕ್ಕೆ ಮುಗಿಯಲು ಆರು ಸೆಕೆಂಡ್ ಇದ್ದಾಗ. ಅಲ್ಲಿಂದ ಈ ಹುಚ್ಚು ಹತ್ತಿತು. ಮುಂದಿನ ಒಂದು ವರ್ಷ ನಲವತ್ತು ಚಿಲ್ಲರೆ ಹರಾಜುಗಳಲ್ಲಿ ಬೇಕೆಂದೇ ಬೇರೆ ಬೇರೆ ರೀತಿಯಲ್ಲಿ ಬಿಡ್ ಹಾಕಿ ನೋಡಿದೆ.

ಇಲ್ಲಿ ಬರುವ ಅಂಕಿಗಳು ಯಾವ ದೇಶದ ದುಡ್ಡೂ ಅಲ್ಲ. ಒಂದು ಪೆನ್ನಿಗೆ ನಾನು ಕೊಡಬಲ್ಲ ಗರಿಷ್ಠವನ್ನು 100 ಎಂದು ಹಿಡಿದು ಉಳಿದದ್ದನ್ನು ಅದರ ಲೆಕ್ಕದಲ್ಲಿ ಬರೆದಿದ್ದೇನೆ. ಪ್ರಯೋಗಕ್ಕೆ ಆರಿಸಿಕೊಂಡದ್ದು ಪಾರ್ಕರ್ 51. 1941ರಲ್ಲಿ ಮಾರುಕಟ್ಟೆಗೆ ಬಂದು ಲಕ್ಷಗಟ್ಟಲೆ ಮಾರಾಟವಾದ ಪೆನ್ನು. ನಿಬ್ಬಿನ ಬಹುಭಾಗ ಮುಸುಕಿನೊಳಗೆ ಅಡಗಿರುತ್ತದೆ. 1948ರಿಂದ ಬಂದ, ಚೀಲ ಒತ್ತಿ ಶಾಯಿ ತುಂಬುವ ಬಗೆಯವು ಇವತ್ತಿಗೂ ತೊಳೆದರೆ ಸಾಕು, ಬರೆಯುತ್ತವೆ. ಯಾವ ವಾರ ನೋಡಿದರೂ ಒಂದಷ್ಟು ಹರಾಜಿನಲ್ಲಿ ಇದ್ದೇ ಇರುತ್ತವೆ. ಒಂದು ತಪ್ಪಿದರೆ ಇನ್ನೊಂದು ಎನ್ನುವ ಧೈರ್ಯ ಇಲ್ಲದೆ ಇಂಥ ಪ್ರಯೋಗ ಮಾಡಲಾಗುವುದಿಲ್ಲ.

ಮೊದಲು ಯಂತ್ರ ಹೇಗೆ ಕೂಗುತ್ತದೆ ಎನ್ನುವುದು ಗೊತ್ತಿರಬೇಕು. ಇಬೇಯಂಥ ತಾಣದಲ್ಲಿ ನೀವು 100 ಎಂದು ಹಾಕಿದರೆ ಬೆಲೆ ತಕ್ಷಣ 100ಕ್ಕೆ ಜಿಗಿಯುವುದಿಲ್ಲ. ನಿಮ್ಮ ಗರಿಷ್ಠವನ್ನು ಗುಟ್ಟಾಗಿಟ್ಟುಕೊಂಡು, ಎದುರಾಳಿಯ ಗರಿಷ್ಠಕ್ಕಿಂತ ಒಂದು ಹೆಜ್ಜೆ ಮೇಲಕ್ಕೆ ಮಾತ್ರ ತಾಣವೇ ನಿಮ್ಮ ಪರವಾಗಿ ಕೂಗುತ್ತದೆ. ಎದುರಾಳಿ 59ಕ್ಕೆ ನಿಂತರೆ, ಹೆಜ್ಜೆ 2 ಆಗಿದ್ದರೆ, ನಿಮಗೆ ಬೀಳುವುದು 61. ಇಬ್ಬರದೂ ಒಂದೇ ಮೊತ್ತವಾದರೆ ಮೊದಲು ಹಾಕಿದವರಿಗೆ ವಸ್ತು. ಗೆದ್ದವರು ಎರಡನೆಯವರ ಬೆಲೆ ಕೊಡುವ ಇಂಥ ಹರಾಜಿನಲ್ಲಿ ತನಗೆ ನಿಜಕ್ಕೂ ಎಷ್ಟು ಬೆಲೆಯೋ ಅಷ್ಟನ್ನೇ ಹೇಳುವುದು ಲಾಭ ಎಂದು ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿದ್ದರು. ಅವರಿಗೆ 1996ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಪ್ರಕಟವಾದ ಮೂರೇ ದಿನಕ್ಕೆ ತೀರಿಕೊಂಡರು. ಅವರ ಲೆಕ್ಕವನ್ನು ಅಕ್ಷರಶಃ ನಂಬಿದರೆ ಹೊತ್ತಿನ ಮಾತೇ ಏಳಬಾರದು. 100 ಎಂದು ಸೋಮವಾರ ಹೇಳಿದರೇನು, ಭಾನುವಾರ ಹೇಳಿದರೇನು?

ಹಾಗಾದರೆ 97 ಯಾಕಾಯಿತು?

ಚೂರು ಚೂರೇ ಏರಿಸುವವರು

ಆ ಹರಾಜಿನ ಬಿಡ್ ಪಟ್ಟಿ ತೆಗೆದು ನೋಡಿದೆ. ಯಾರೋ ಒಬ್ಬರು 45 ಹಾಕಿದ್ದರು. ನನ್ನ ಗುಟ್ಟಿನ 100 ಅವರನ್ನು ತಕ್ಷಣ ಹಿಂದೆ ಹಾಕಿತು. ಅವರು 50 ಹಾಕಿದರು, 55 ಹಾಕಿದರು. ಹೀಗೆ ಐದೈದರ ಮೆಟ್ಟಿಲು ಹತ್ತುತ್ತಾ 95ಕ್ಕೆ ಬಂದು ಸುಸ್ತಾಗಿ ನಿಂತರು. ಅಲ್ಲಿಗೆ ನನ್ನ ಬೆಲೆ 97. ಆ ಮನುಷ್ಯನ ಮನಸ್ಸಿನಲ್ಲಿ 95 ಎನ್ನುವ ಬೆಲೆ ಮೊದಲಿಂದಲೂ ಇರಲಿಲ್ಲ ಎಂದು ಪಣ ಕಟ್ಟಿ ಹೇಳಬಲ್ಲೆ. "ನಿಮ್ಮನ್ನು ಮೀರಿಸಲಾಗಿದೆ" ಎಂಬ ಸಂದೇಶ ಬಂದಾಗಲೆಲ್ಲ ಇನ್ನೊಂದು ಮೆಟ್ಟಿಲು ಹತ್ತಿದರು, ಅಷ್ಟೇ.

ಅವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಶುರುವಿನಲ್ಲಿ ನಾನೂ ಹಾಗೇ ಆಡಿದವನು. ಆರು ಹರಾಜಿನಲ್ಲಿ ಹೀಗೆ ಚೂರು ಚೂರಾಗಿ ಏರಿಸಿದೆ. ಗೆದ್ದದ್ದು ಎರಡು, ಎರಡರಲ್ಲೂ ಮಿತಿ ದಾಟಿದ್ದೆ. ಎರಡು ದಿನ ಪಟ್ಟಿಯಲ್ಲಿ ಮುಂದಿದ್ದರೆ ಸಾಕು, ಪೆನ್ನು ಜೇಬಿಗೆ ಬಂದಾಯಿತು ಎನಿಸತೊಡಗುತ್ತದೆ. ಆಮೇಲೆ ಯಾರಾದರೂ ಮೀರಿಸಿದರೆ ನನ್ನದನ್ನೇ ಕಿತ್ತುಕೊಂಡಷ್ಟು ಸಿಟ್ಟು. ಈ ದಾರಿಗೆ ನಾನು ಕೊಡುವ ಅಂಕ ಸೊನ್ನೆ, ಮುಂದೆ ಅದರ ಮಾತೇ ಬೇಡ.

ಗರಿಷ್ಠ ಹೇಳಿ ಮರೆತುಬಿಡುವುದು, ಕೊನೇ ಸೆಕೆಂಡಿನ ಹೊಂಚು

ನಿಜವಾದ ಸ್ಪರ್ಧೆ ಈ ಎರಡರ ನಡುವೆ. ಒಂದು ಪೆನ್ನಿಗೆ ಮೊದಲೇ ಹಾಕಿ ಮಲಗುವುದು, ಮುಂದಿನದಕ್ಕೆ ಕೊನೆಗೆ ಹಾಕುವುದು, ಹೀಗೆ ಒಂದಾದ ಮೇಲೊಂದರಂತೆ ನೋಡುತ್ತಾ ಹೋದೆ. ಮೊತ್ತ ಎರಡಕ್ಕೂ ಒಂದೇ.

ನಾನು ನಿರೀಕ್ಷಿಸಿದ್ದಕ್ಕಿಂತ ಫಲಿತಾಂಶ ಸಪ್ಪೆ. ಎದುರಿಗೆ ಲೆಕ್ಕ ಬಲ್ಲವರೇ ಇದ್ದ ಹರಾಜುಗಳಲ್ಲಿ ಎರಡು ದಾರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅವರ ಮಿತಿ 110 ಇದ್ದರೆ ಸೋಮವಾರ ಹಾಕಿದರೂ ಸೋತೆ, ಕೊನೆಗೆ ಹಾಕಿದರೂ ಸೋತೆ. ಹೊಂಚು ಫಲ ಕೊಟ್ಟದ್ದು ಎದುರಿಗೆ ಮೆಟ್ಟಿಲು ಹತ್ತುವವರು ಇದ್ದಾಗ ಮಾತ್ರ. ಅವರು 59ರ ಮೇಲೆ ನಿಶ್ಚಿಂತೆಯಿಂದ ಕೂತಿರುತ್ತಾರೆ. ಆರು ಸೆಕೆಂಡ್ ಇದ್ದಾಗ ನನ್ನ 100 ಬೀಳುತ್ತದೆ. ಸಂದೇಶ ತೆರೆದು ನೋಡುವಷ್ಟರಲ್ಲಿ ಹರಾಜು ಮುಗಿದಿರುತ್ತದೆ. ಮಾರುವವರ ಕಡೆಯವರೇ ಸುಳ್ಳು ಹೆಸರಿನಲ್ಲಿ ಬೆಲೆ ಏರಿಸುವ ಮೋಸಕ್ಕೂ ಇದೇ ಮದ್ದು. ನನ್ನ ಗರಿಷ್ಠ ಎಲ್ಲಿದೆ ಎಂದು ತಡಕಾಡಲು ಅವರಿಗೆ ಹೊತ್ತು ಬೇಕು, ಹೊಂಚು ಹಾಕಿದವನು ಆ ಹೊತ್ತನ್ನೇ ಕೊಡುವುದಿಲ್ಲ.

ಹೊಂಚಿನ ಇನ್ನೊಂದು ಲಾಭ ನನಗೆ ತಡವಾಗಿ ತಿಳಿಯಿತು. ಪಾರ್ಕರ್ 51ರಲ್ಲಿ ನೇರಳೆ ಛಾಯೆಯ ಪ್ಲಮ್ ಎಂಬ ಬಣ್ಣವಿದೆ. ಕಡಿಮೆ ಕಾಲ ತಯಾರಾದದ್ದು, ಸಂಗ್ರಾಹಕರು ಹುಡುಕುವಂಥದು. ಮಬ್ಬು ಚಿತ್ರದಲ್ಲಿ ಅದು ಬರ್ಗಂಡಿ ಎಂಬ ಸಾಮಾನ್ಯ ಕಡುಗೆಂಪಿನಂತೆಯೇ ಕಾಣುತ್ತದೆ. ಒಂದು ಸಲ ಹಳದಿ ದೀಪದಡಿ ತೆಗೆದ ಫೋಟೋ ಹಾಕಿ, ಕೆಂಪು ಪೆನ್ನು ಎಂದಷ್ಟೇ ಬರೆದು ಯಾರೋ ಮಾರಲಿಟ್ಟಿದ್ದರು. ಕ್ಯಾಪಿನ ಅಂಚಿನ ಬಳಿ ಬೆಳಕು ಬಿದ್ದ ಒಂದು ಚೂರು ಜಾಗದಲ್ಲಿ ನನಗೆ ನೇರಳೆ ಕಂಡಿತು. ಆಗಲೇ ಬಿಡ್ ಹಾಕಿದ್ದರೆ? ಬಿಡ್ಡುಗಳ ಸಂಖ್ಯೆ ಏರಿದ ಕೂಡಲೇ ಬಲ್ಲವರು ಇದರಲ್ಲೇನೋ ಇದೆ ಎಂದು ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡು ಐದು ದಿನ ಕಾದೆ. 38ಕ್ಕೆ ಬಂತು. ಪ್ಲಮ್ಮೇ ಹೌದು.

ಇದೇನು ನನ್ನ ಸಂಶೋಧನೆಯಲ್ಲ. ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾಥ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಬೇಯ ಹರಾಜುಗಳನ್ನೂ ಆಗ ನಡೆಯುತ್ತಿದ್ದ ಅಮೆಜಾನ್ ಹರಾಜುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದರು. ಇಬೇಯಲ್ಲಿ ಕಂಪ್ಯೂಟರಿಗಿಂತ ಪುರಾತನ ವಸ್ತುಗಳಿಗೆ ಕೊನೇ ಗಳಿಗೆಯ ಬಿಡ್ ಹೆಚ್ಚು ಬೀಳುತ್ತಿತ್ತು. ಕಂಪ್ಯೂಟರಿನ ಬೆಲೆ ಊಹಿಸಲು ಪರಿಣತಿ ಬೇಡ, ಹಳೇ ವಸ್ತುವಿಗೆ ಬೇಕು. ಬಲ್ಲವರು ಬಿಡ್ ಹಾಕಿದರೆ ಅದೇ ಉಳಿದವರಿಗೆ ಸುಳಿವು.

ಹೊಂಚಿನ ಕಷ್ಟಗಳೂ ಕಡಿಮೆಯಲ್ಲ. ನಾಲ್ಕು ಸೆಕೆಂಡಿಗೆ ಗುರಿ ಇಟ್ಟು ಒತ್ತಿದಾಗ ಮತ್ತೆ ಲಾಗಿನ್ ಆಗಿ ಎಂದು ಒಂದು ತಾಣ ಕೇಳಿತು. ಇನ್ನೊಮ್ಮೆ ಪರದೆಯ ಮೇಲಿನ ಗಡಿಯಾರ ಮೂರು ಸೆಕೆಂಡ್ ಹಿಂದಿತ್ತು. ಮತ್ತೊಂದು ಸಲ ನಾನು ಟೈಪ್ ಮಾಡುವಷ್ಟರಲ್ಲಿ ಬೇರೆ ಯಾರದೋ ಹೊಂಚು ಮೊದಲು ಬಿದ್ದು, ನನ್ನ ಮೊತ್ತ ಆಗಿನ ಕನಿಷ್ಠಕ್ಕಿಂತ ಕಡಿಮೆಯೆಂದು ತಿರಸ್ಕಾರವಾಯಿತು. ಈಗ ಮೊತ್ತವನ್ನು ಮೊದಲೇ ತುಂಬಿ, ಖಚಿತಪಡಿಸುವ ಗುಂಡಿಯ ತನಕ ಹೋಗಿ ನಿಂತಿರುತ್ತೇನೆ, ಎಂಟು ಹತ್ತು ಸೆಕೆಂಡ್ ಇದ್ದಾಗ ಒತ್ತುತ್ತೇನೆ. ಎದುರಾಳಿಗೆ ಆ ಹತ್ತು ಸೆಕೆಂಡೂ ಸಾಲದು. ಎರಡು ಸೆಕೆಂಡಿಗೆ ಒತ್ತುವುದು ಬರೀ ಪೌರುಷ.

ಮೊತ್ತ ದುಂಡಗಿರಬಾರದು ಎನ್ನುವುದು ಎರಡೂ ದಾರಿಗೆ ಅನ್ವಯ. ಜನ 100 ಎಂದೇ ಹಾಕುತ್ತಾರೆ. ನೀವು 100.37 ಹಾಕಿದ್ದರೆ ಆ ಚಿಲ್ಲರೆಯೇ ಗೆಲ್ಲಿಸಬಹುದು. ಒಂದು ಪೆನ್ನು ನನಗೆ ಹಾಗೇ ಸಿಕ್ಕಿದೆ, ಒಂದು ಹಾಗೇ ಕೈತಪ್ಪಿದೆ.

ಕೂಲಿಗೆ ಹೊಂಚು ಹಾಕುವ ತಂತ್ರಾಂಶ

ಮೊತ್ತ, ಸೆಕೆಂಡು ಬರೆದಿಟ್ಟರೆ ನಿಮ್ಮ ಪರವಾಗಿ ಕೊನೇ ಕ್ಷಣದಲ್ಲಿ ಬಿಡ್ ಹಾಕುವ ಸೇವೆಗಳಿವೆ. ಕೈಯಲ್ಲಿ ಒತ್ತುವುದಕ್ಕಿಂತ ನಿಖರ, ನಡುರಾತ್ರಿ ಎದ್ದು ಕೂರುವ ಕೆಲಸವಿಲ್ಲ. ಆದರೆ ನನಗೆ ಇದು ಹಿಡಿಸಿದ್ದಕ್ಕೆ ಕಾರಣ ಬೇರೆ: ಒಂದೇ ಬಗೆಯ ಐದು ಪೆನ್ನುಗಳನ್ನು ಗುಂಪು ಮಾಡಿ, ಒಂದು ಸಿಕ್ಕ ಕೂಡಲೇ ಉಳಿದ ನಾಲ್ಕನ್ನು ರದ್ದು ಮಾಡು ಎನ್ನಬಹುದು. ಮೊದಲೇ ಗರಿಷ್ಠ ಹಾಕುವ ದಾರಿಯಲ್ಲಿ ಇದು ಸಾಧ್ಯವಿಲ್ಲ. ಐದಕ್ಕೂ ಹಾಕಿದರೆ ಐದೂ ತಲೆಗೆ ಬರಬಹುದು, ಹಾಕಿದ ಬಿಡ್ ಕೊಟ್ಟ ಮಾತಿದ್ದಂತೆ. ಇದಕ್ಕೆ ತೆರಬೇಕಾದದ್ದು ಖಾತೆಯ ಪಾಸ್‌ವರ್ಡ್. ಅದನ್ನು ಮೂರನೆಯವರ ಕೈಗೆ ಕೊಡುವುದು ನನಗೆ ಒಗ್ಗಲಿಲ್ಲ. ಎರಡು ತಿಂಗಳು ಬಳಸಿ, ಪಾಸ್‌ವರ್ಡ್ ಬದಲಿಸಿ ಬಿಟ್ಟೆ. ಪೆನ್ನು ಕೊಳ್ಳುವುದೇ ಕಸುಬಾಗಿದ್ದರೆ ಬಿಡುತ್ತಿರಲಿಲ್ಲವೇನೋ.

ಗಡುವು ಹಿಗ್ಗುವ ತಾಣಗಳಲ್ಲಿ

ಇಲ್ಲಿಯವರೆಗೆ ಹೇಳಿದ್ದೆಲ್ಲ ಇಷ್ಟು ಗಂಟೆಗೆ ಮುಗಿಯಬೇಕೆಂದರೆ ಮುಗಿದೇಬಿಡುವ ಹರಾಜಿಗೆ. ಕೊನೆಯಲ್ಲಿ ಬಿಡ್ ಬಿದ್ದರೆ ಗಡುವು ತಾನಾಗಿ ಮುಂದೆ ಹೋಗುವ ತಾಣಗಳೂ ಇವೆ. ಹರಾಜು ಕೂಗುವವರು "ಒಂದು ಸಾರಿ, ಎರಡು ಸಾರಿ" ಎನ್ನುತ್ತಿರುವಾಗ ಹೊಸ ಸವಾಲು ಬಂದರೆ ಮತ್ತೆ ಮೊದಲಿಂದ ಎಣಿಸುವ ಹಾಗೆ. ಅಮೆಜಾನ್ ಹರಾಜಿನ ನಿಯಮ ಹಾಗಿತ್ತು: ಹತ್ತು ನಿಮಿಷ ಯಾರೂ ಕೂಗದಿದ್ದರೆ ಮಾತ್ರ ಮುಕ್ತಾಯ. ರಾಥ್ ಮತ್ತು ಓಕೆನ್‌ಫೆಲ್ಸ್ ಅಲ್ಲಿ ಕೊನೇ ಗಳಿಗೆಯ ಬಿಡ್ ತೀರಾ ಕಡಿಮೆ ಇದ್ದದ್ದನ್ನು ಕಂಡರು. ಇಬೇಯಲ್ಲಿ ಅನುಭವಿಗಳೇ ಹೆಚ್ಚು ತಡಮಾಡುತ್ತಿದ್ದರೆ ಅಮೆಜಾನಿನಲ್ಲಿ ಅದೂ ತಿರುಗುಮುರುಗು. ಮನುಷ್ಯರು ಅದೇ ಬಗೆಯವರು, ಮುಗಿಯುವ ನಿಯಮ ಮಾತ್ರ ಬೇರೆ.

ಇದನ್ನು ಓದಿಕೊಳ್ಳದೆ ಇಂಥ ಒಂದು ತಾಣದಲ್ಲಿ ಹೊಂಚು ಹಾಕಿದೆ. ನನ್ನ ಬಿಡ್ ಬಿತ್ತು, ಗಡುವು ಹಿಗ್ಗಿತು, ಎದುರಾಳಿ ಎಚ್ಚೆತ್ತರು. ಆಮೇಲೆ ಮುಕ್ಕಾಲು ಗಂಟೆ ಇಬ್ಬರೂ ಜಿದ್ದಿಗೆ ಬಿದ್ದೆವು. ಕೊನೆಗೆ ನಾನೇ ಕೈಬಿಟ್ಟೆ, ಆದರೆ ಮಿತಿಯಿಂದ 18 ಮೇಲೆ ಹೋಗಿ ಬಂದ ಮೇಲೆ. ಅಲ್ಲಿ ಗೆದ್ದಿದ್ದರೆ ಇನ್ನೂ ನಾಚಿಕೆಯಾಗುತ್ತಿತ್ತು. ಈಗ ಇಂಥ ತಾಣದಲ್ಲಿ ನನ್ನ ಪೂರ್ತಿ ಗರಿಷ್ಠವನ್ನು ಕೊನೆಯ ದಿನ ಒಂದೇ ಸಲ ಹಾಕಿ ಪುಟ ಮುಚ್ಚುತ್ತೇನೆ, ಸಂದೇಶಗಳನ್ನೂ ನಿಲ್ಲಿಸುತ್ತೇನೆ. ಇಲ್ಲಿ ಮಲಗುವ ದಾರಿಯೇ ಮೇಲು, ಅದರಲ್ಲಿ ನನಗೆ ಅನುಮಾನವಿಲ್ಲ. ಒಂದು ಎಚ್ಚರಿಕೆ: ಗುಟ್ಟಿನ ಗರಿಷ್ಠವೇ ಇಲ್ಲದ, ಹಾಕಿದಷ್ಟೇ ಬೆಲೆಯಾಗುವ ತಾಣಗಳೂ ಇವೆ. ಅಲ್ಲಿ 100 ಹಾಕಿದರೆ 100 ಕೊಟ್ಟಂತೆಯೇ.

231

ಹೊತ್ತಿನ ಲೆಕ್ಕದಲ್ಲಿ ನಾನು ಕಳೆದುಕೊಂಡದ್ದೆಲ್ಲ ಸೇರಿಸಿದರೂ ಈ ಒಂದು ಪೆನ್ನಿಗೆ ಸಮವಾಗದು. ಹೇಗೂ ಎರಡನೆಯವರ ಬೆಲೆ ತಾನೇ ಕೊಡುವುದು, 250 ಹಾಕಿದರೆ ಗೆಲುವು ಖಚಿತ, ಬೀಳುವುದು 80ರಿಂದ 90ರ ಒಳಗೆ ಎಂಬ ಜಾಣತನ ಒಂದು ರಾತ್ರಿ ಹೊಳೆಯಿತು. ಎಂಟು ಸೆಕೆಂಡಿಗೆ ಒತ್ತಿದೆ. ಅದೇ ಜಾಣತನ ಇನ್ನೊಬ್ಬರಿಗೂ ಹೊಳೆದಿತ್ತು. 100 ಬೆಲೆಯ ಪೆನ್ನು 231ಕ್ಕೆ ನನ್ನದಾಯಿತು. ಹೊಂಚು ಹಾಕುವವರ ನಡುವೆ ಇದು ಅಪರೂಪವೇನಲ್ಲ: ಕೊನೇ ಕ್ಷಣದಲ್ಲಿ ಬಿಡ್ ಹಾಕಿದವರಿಗೆ ಬೆಲೆ ಎಲ್ಲಿಗೆ ಹೋಯಿತೆಂದು ನೋಡಿ ಹಿಂದೆ ಸರಿಯಲು ಹೊತ್ತಿರುವುದಿಲ್ಲ.

ಇದರ ಸೋದರ ಸಂಬಂಧಿ ಇನ್ನೊಂದಿದೆ. 1971ರಲ್ಲಿ ಮೂವರು ತೈಲ ಎಂಜಿನಿಯರುಗಳು ತೈಲ ಗುತ್ತಿಗೆಯ ಹರಾಜಿನ ಬಗ್ಗೆ ಬರೆದದ್ದು: ನೆಲದಡಿ ಎಷ್ಟಿದೆಯೆಂದು ಎಲ್ಲರೂ ಅಂದಾಜು ಮಾಡುವಾಗ, ಗೆಲ್ಲುವವರು ಸಾಮಾನ್ಯವಾಗಿ ಅತಿ ಹೆಚ್ಚು ಅಂದಾಜಿಸಿದವರು. ಗೆದ್ದವರ ಶಾಪ ಎನ್ನುವುದು ಇದನ್ನೇ. ಫೋಟೋ ನೋಡಿ ಹಳೇ ಪೆನ್ನು ಕೊಳ್ಳುವುದಕ್ಕೂ ಇದು ಹಾಗೇ ಒಪ್ಪುತ್ತದೆ. ಕ್ಯಾಪಿನ ಮೇಲಿನ ಗೆರೆಯನ್ನು ಹತ್ತು ಜನ ಬಿರುಕು ಎಂದುಕೊಂಡು ದೂರವಿದ್ದರು, ನಾನೊಬ್ಬ ಬೆಳಕಿನ ಪ್ರತಿಫಲನ ಎಂದುಕೊಂಡೆ, ಗೆದ್ದೆ. ಬಿರುಕೇ ಆಗಿತ್ತು. ಹೀಗಾಗಿ ಈಗ ಅನುಮಾನವಿರುವ ವಸ್ತುವಿಗೆ ಮೊದಲು ಮಿತಿ ಬರೆದು, ಅದರಿಂದ ಐದನೇ ಒಂದು ಭಾಗ ಹೊಡೆದುಹಾಕುತ್ತೇನೆ, ಸಾಗಣೆಯ ಖರ್ಚು ಕಳೆಯುತ್ತೇನೆ. ಆಮೇಲಷ್ಟೇ ಗಡಿಯಾರ ನೋಡುವುದು. ಗಟ್ಟಿ ಗಡುವಿನ ತಾಣವಾದರೆ ಎಂಟು ಸೆಕೆಂಡ್, ಹಿಗ್ಗುವ ಗಡುವಾದರೆ ಕೊನೆಯ ದಿನ ಒಂದೇ ಸಲ.

ಮೊನ್ನೆ ಒಂದು ಕಪ್ಪು ಪೆನ್ನಿಗೆ 100.37 ಹಾಕಿದ್ದೆ, 103ಕ್ಕೆ ಹೋಯಿತು. ಅಂಥದೇ ಇನ್ನೊಂದು ಗುರುವಾರ ಮುಗಿಯುತ್ತದೆ, ಅದಕ್ಕೂ 100.37 ಬರೆದಿಟ್ಟಿದ್ದೇನೆ.